ಹಾರ್ಮೆನ್ ಮನೆಯ ಮುಂಬಾಗಿಲು

ನಮ್ಮ ಪಕ್ಕದ ಮನೆಯ ಹಾರ್ಮೆನ್ ವೆಸೆಲಿಂಕ್‌ನಂಥ ಜಂಬದ ಕೋಳಿಯನ್ನು ನಾನು ಇನ್ನೊಂದು ಕಂಡಿಲ್ಲ. ಹಂದಿ ಸಾಕುತ್ತಿದ್ದಷ್ಟು ಕಾಲ ಪರವಾಗಿರಲಿಲ್ಲ. ಹಂದಿಗಳನ್ನೆಲ್ಲ ಮಾರಿ ಮಾಡಲು ಕೆಲಸವಿಲ್ಲದಾಗ, ಗುಡ್ಡದ ಮೇಲೆ, ಯುದ್ಧದಲ್ಲಿ ನಮ್ಮೂರನ್ನು ಜರ್ಮನ್ನರಿಂದ ಬಿಡಿಸಲು ಬಂದು ಸತ್ತ ಕೆನಡಾ ಸಿಪಾಯಿಗಳ ಸ್ಮಶಾನದಲ್ಲಿ ಲಾರ್ನ್ ಎಂಬ ಹುಡುಗನ ಸಮಾಧಿಯನ್ನು ದತ್ತು ತೆಗೆದುಕೊಂಡ. ನಮ್ಮ ಕಡೆ ಅದೇನು ದೊಡ್ಡ ಸಂಗತಿಯಲ್ಲ. ನಾನೂ ಒಂದನ್ನು ನೋಡಿಕೊಳ್ಳುತ್ತೇನೆ, ನನಗಿಂತ ಮೊದಲು ನನ್ನಮ್ಮ ನೋಡಿಕೊಳ್ಳುತ್ತಿದ್ದಳು. ಹೂವಿಡಬೇಕು, ಕ್ರಿಸ್‌ಮಸ್ ಸಂಜೆ ದೀಪ ಹಚ್ಚಬೇಕು, ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಕು. ಹಾರ್ಮೆನ್‌ಗೆ ಆ ಕೊನೆಯದೊಂದು ಮಾತ್ರ ಆಗುತ್ತಿರಲಿಲ್ಲ. ಎದೆಗೆ ಬಿಲ್ಲೆ ಚುಚ್ಚಿಕೊಂಡು, ಸ್ಮಶಾನಕ್ಕೆ ಬಂದ ಬಸ್ಸುಗಳನ್ನು ತನ್ನ ಅಂಗಳಕ್ಕೆ ತಿರುಗಿಸಿ, ಸೇಬಿನ ಕೇಕು ಹಂಚಿ ಕತೆ ಶುರು ಮಾಡುತ್ತಿದ್ದ.

“ನಲವತ್ತೈದರ ಏಪ್ರಿಲ್. ಗುಂಡು ತಗುಲಿದ ಲಾರ್ನ್ ಇದೇ ಮುಂಬಾಗಿಲು ಬಡಿದ. ನಮ್ಮಪ್ಪ ಬೆರೆಂಡ್ ಓಡಿಬಂದು ತೆಗೆದ. ಹುಡುಗ ಅಪ್ಪನ ತೊಡೆ ಮೇಲೇ ಪ್ರಾಣ ಬಿಟ್ಟ.”

ಇಲ್ಲಿಗೆ ಬಂದಾಗ ಕರವಸ್ತ್ರ ತೆಗೆಯುತ್ತಿದ್ದ. ಪ್ರತಿ ಸಲ, ಸರಿಯಾಗಿ ಇಲ್ಲೇ. ಥೂ!

ನಮ್ಮೂರಲ್ಲಿ ಮುಂಬಾಗಿಲನ್ನು ಯಾರೂ ಬಡಿಯುವುದಿಲ್ಲ. ಮದುಮಗಳು ಹೊರಡುವಾಗ, ಹೆಣ ಹೊರಡುವಾಗ ಮಾತ್ರ ಅದನ್ನು ತೆರೆಯುತ್ತಾರೆ. ಉಳಿದಂತೆ ನಂಟರಾಗಲಿ ನೆರೆಯವರಾಗಲಿ, ಹಿತ್ತಲಿಂದ ಕೂಗುತ್ತಲೇ ಒಳಗೆ ಬರುತ್ತಾರೆ. ಯುದ್ಧದ ಕಾಲದಲ್ಲಿ ಮುಂಬಾಗಿಲು ಬಡಿಯುತ್ತಿದ್ದವರು ಜರ್ಮನ್ನರು. ಪಾಪ, ಕೆನಡಾದ ಹುಡುಗನಿಗೆ ಇದೆಲ್ಲ ಏನು ಗೊತ್ತು? ಎದುರಿಗೆ ಕಂಡ ಬಾಗಿಲು ಬಡಿದ. ಜರ್ಮನ್ನರೇ ಬಂದರೆಂದು ಬೆರೆಂಡ್ ಬಾಗಿಲು ತೆಗೆಯದೆ ನೆಲಮಾಳಿಗೆಯಲ್ಲಿ ಉಸಿರು ಬಿಗಿಹಿಡಿದು ಕೂತ. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಹೆಣ. ಹೋಗಿ ಕಂಬಳಿ ಹೊದಿಸಿದವಳು ನನ್ನಮ್ಮ.

ಅವತ್ತೇ ಬೆರೆಂಡ್ ದೊಡ್ಡ ಓಕ್ ಮರದ ಬೀರುವನ್ನು ಎಳೆದು ಆ ಬಾಗಿಲಿಗೆ ಅಡ್ಡ ಇಟ್ಟ. ಮಗಳ ಮದುವೆಗೂ ಸರಿಸಲಿಲ್ಲ. ಕೊನೆಗೆ ಅವನ ಹೆಣವೂ ಹಿತ್ತಲಿಂದಲೇ ಹೋಯಿತು. ಹೆದರಿದ್ದಕ್ಕೆ ಬೆರೆಂಡನನ್ನು ನಾನು ಬೈಯುವುದಿಲ್ಲ. ಅವನಿಗೆ ನಾಚಿಕೆಯಾದರೂ ಇತ್ತು. ಮಗನೋ, ಆ ನಾಚಿಕೆಯನ್ನೇ ಕೇಕಿನ ಜೊತೆ ಹಂಚಿದ.

ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಟ್ಟಿರಲಿಲ್ಲ, ಲಾರ್ನ್‌ನ ತಂಗಿ ಆರ್ಡಿತ್‌ಗೋಸ್ಕರ. ಪ್ರತಿ ಮೇ ತಿಂಗಳು ಕೆನಡಾದಿಂದ ಬರುತ್ತಿದ್ದ ಆಕೆಗೆ, ಅಣ್ಣ ಒಂಟಿಯಾಗಿ ಸಾಯಲಿಲ್ಲ ಎಂಬುದೊಂದೇ ಸಮಾಧಾನ.

ಕಳೆದ ಮೇಯಲ್ಲಿ ಆಕೆ ಕೋಲೂರಿಕೊಂಡು ಬಂದಳು. ಎಂಬತ್ತು ದಾಟಿದ ಜೀವ.

“ಇದೇ ಕೊನೇ ಸಲ ಹಾರ್ಮೆನ್, ಇನ್ನು ಆಗಲ್ಲ. ಇವತ್ತು ಈ ಬಾಗಿಲಿಂದಲೇ ಒಳಗೆ ಬರ್ತೀನಿ. ನಮ್ಮಣ್ಣನ್ನ ಕರ್ಕೊಂಡ ಹಾಗೇ ನನ್ನೂ ಕರ್ಕೋ.”

ಹಾರ್ಮೆನ್ ಮುಖ ಸುಣ್ಣವಾಯಿತು. “ಬಾಗಿಲು ಊದ್ಕೊಂಡಿದೆ ಅಕ್ಕಾ. ಹಿತ್ತಲ ಕಡೆಯಿಂದ ಬನ್ನಿ, ಕೇಕು ಬಿಸಿಯಾಗಿದೆ.”

“ತಳ್ಳಿದ್ರೆ ಬರುತ್ತಪ್ಪ.”

“ಬೀಗದ ಕೈ ಬೇರೆ ಸಿಗ್ತಿಲ್ಲ...”

“ನಿಮ್ಮಪ್ಪಂಗೆ ಆ ಕತ್ತಲಲ್ಲೂ ಸಿಕ್ತಲ್ಲ?”

ಬೇಲಿಯ ಹತ್ತಿರ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. “ಬೀರು ಅಡ್ಡ ಇದೆ ಅಂತ ಹೇಳೋ ನಾಚಿಕೆಗೆಟ್ಟವನೇ!”

“ಫೆನ್ನಾ, ನೀನು ಸುಮ್ನಿರು!”

“ಸುಮ್ನಿದ್ದಿದ್ದಕ್ಕೇ ನೀನು ಇಷ್ಟು ಚಿಗುರಿದ್ದು. ನೀನು ಹೇಳ್ತೀಯೋ, ನಾನೇ ಹೇಳ್ಲೋ?”

ಆರ್ಡಿತ್ ಅವನ ಮುಖವನ್ನೇ ನೋಡುತ್ತಿದ್ದಳು. “ಯಾವ ಬೀರು?”

ಕರವಸ್ತ್ರದ ಕಡೆ ಅವನ ಕೈ ಹೋಗಲಿಲ್ಲ. “ಅಪ್ಪ ಬಾಗಿಲು ತೆಗೀಲಿಲ್ಲ ಅಕ್ಕಾ. ಜರ್ಮನ್ನರು ಅಂದ್ಕೊಂಡ.”

“ತುಂಬಾ ಹೊತ್ತು ಬಡಿದ್ನಾ?”

ಹಾರ್ಮೆನ್ ನೆಲ ನೋಡಿದ. “ಹೂಂ.”

ಆರ್ಡಿತ್ ಅಳಲಿಲ್ಲ. ಮೆಟ್ಟಿಲು ಹತ್ತಿ, ಕೋಲು ಎತ್ತಿ ಬಾಗಿಲು ಬಡಿದಳು. ತುಸು ತಡೆದು ಮತ್ತೆ ಬಡಿದಳು. ನಿಲ್ಲಿಸುವಂತೆ ಕಾಣಲಿಲ್ಲ.

ಹಾರ್ಮೆನ್ ತನ್ನ ಡೊಳ್ಳುಹೊಟ್ಟೆ ಹೊತ್ತುಕೊಂಡು ಹಿತ್ತಲಿಗೆ ಓಡಿದ. ಒಳಗೆ ಬೀರು ಕರಕರ ಎಳೆಯುವ ಸದ್ದು, ತಟ್ಟೆಗಳು ಒಡೆದ ಸದ್ದು. ನಾನು ಸಹಾಯಕ್ಕೆ ಹೋಗಲಿಲ್ಲ. ಅವನಪ್ಪ ಇಟ್ಟ ಬೀರು, ಅವನೇ ಎಳೆಯಲಿ. ಕೊನೆಗೆ ಬಣ್ಣದ ಚಕ್ಕೆಗಳು ಉದುರಿ ಬಾಗಿಲು ತೆರೆಯಿತು. ಬೆವರು ಸುರಿಸುತ್ತ ಹಾರ್ಮೆನ್ ಕೈ ಚಾಚಿದ.

“ಒಳಗೆ ಬನ್ನಿ ಅಕ್ಕಾ.”

ಆರ್ಡಿತ್ ಆ ಕೈ ಹಿಡಿಯಲಿಲ್ಲ. ಅವನಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತಳು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.

“ಬಾಗಿಲು ಮುಚ್ಚಬೇಡ,” ಎಂದಳು. “ನಾನು ಸ್ವಲ್ಪ ಹೊತ್ತು ನಮ್ಮಣ್ಣನ ಜೊತೆ ಕೂತಿರ್ತೀನಿ.”