ಅಪ್ಪನಿಗಾಗಿ ಕಾದ ಬಾಗಿಲು

ಕಂಪ್ಯೂಟರ್ ಆಟ ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಾನು ಹುಟ್ಟುವ ಹೊತ್ತಿಗೇ ಹಳತಾಗಿದ್ದ ಒಂದು ಗುಂಡು ಹಾರಿಸುವ ಆಟದ ಸೋರ್ಸ್ ಕೋಡನ್ನು, ಓದಿ, ತಿದ್ದಿ, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಅದನ್ನು ಬರೆದವರೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ವಾರವೆಲ್ಲ ಇಂದಿರಾನಗರದ ಆಫೀಸಿನಲ್ಲಿ ಗಿರಾಕಿಗಳ ದೂರು ಕೇಳಿ ಕಿವಿ ತೂತಾಗಿಸಿಕೊಂಡು, ಭಾನುವಾರ ಹಲಸೂರಿನ ಮನೆಯಲ್ಲಿ ಕೂತು ಅದನ್ನು ಓದುತ್ತಿದ್ದೆ. ಅರ್ಧ ತಲೆಗೆ ಹೋಗುತ್ತಿರಲಿಲ್ಲ. ಅರ್ಥವಾಗದ ಕಡೆ ಒಂದು ಸಂಖ್ಯೆ ಬದಲಿಸಿ, ಆಟ ಓಡಿಸಿ, ಏನು ಕೆಟ್ಟಿತೆಂದು ನೋಡುವುದೇ ನನ್ನ ಪಾಠ. ಒಮ್ಮೆ ಆಟದಲ್ಲಿ ಗುಂಡಿಗೆ ಗುರಿಯಾಗಬೇಕಾದ ರಾಕ್ಷಸರೆಲ್ಲ ಗೋಡೆಯೊಳಕ್ಕೇ ನಡೆದುಹೋದರು.

ಆ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಶಿವಾಜಿನಗರದಿಂದ ಕೆ.ಆರ್. ಪುರದ ಕಡೆ ಹೋಗುವ ಸಿಟಿ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಎಡಗೈ, ಎಡಗಾಲು ಸೋತವು. ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡರೂ ಬಸ್ಸು ಹತ್ತಲು ಮಾತ್ರ ಒಪ್ಪಲಿಲ್ಲ.

"ನನಗೋಸ್ಕರ ಯಾವನು ಬಸ್ ನಿಲ್ಲಿಸ್ಕೊಂಡು ಕೂತಿರ್ತಾನೆ? ಈಗಿನ ಬಸ್ಸಲ್ಲಿ ಬಾಗಿಲು ಬೇರೆ ಪಟ್ ಅಂತ ಮುಚ್ಕೊಳ್ಳುತ್ತೆ."

ಹೀಗೆಂದು ಕುರ್ಚಿ ಹಿಡಿದು ಕೂತುಬಿಟ್ಟರು. ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದ ಮನುಷ್ಯ ಬಸ್ಸಿಗೆ ಹೆದರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಎಡಗೈ ಬೆರಳುಗಳಿಗೆ ಕೆಲಸ ಕೊಡಿ ಎಂದು ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟಿದ್ದರು. ಅಪ್ಪ ಅದನ್ನು ಮುಟ್ಟಲಿಲ್ಲ. ಕೊನೆಗೆ ನಾನು ಆ ಆಟದಿಂದ ರಾಕ್ಷಸರನ್ನೆಲ್ಲ ತೆಗೆದುಹಾಕಿ, ಎಡಗೈಯ ಕೀಗಳಿಂದಲೇ ನಡೆಯುವಂತೆ ಮಾಡಿ ಅವರ ಮುಂದಿಟ್ಟೆ.

"ಯಾರೂ ಇಲ್ವಲ್ಲೇ. ಬಂದ್ ದಿನದ ಶಿವಾಜಿನಗರ ಇದ್ದಂಗಿದೆ" ಎಂದರು. ಆದರೂ ಕೀ ಒತ್ತುತ್ತ ಆಟದೊಳಗೆ ನಡೆದರು.

ತೊಡಕಾದದ್ದು ಬಾಗಿಲಲ್ಲಿ. ಆ ಆಟದ ಬಾಗಿಲು ಮೇಲಕ್ಕೇರಿ, ತುಸು ಹೊತ್ತು ನಿಂತು, ಮತ್ತೆ ಇಳಿಯುತ್ತದೆ. ಅಪ್ಪನ ಬೆರಳು ತೆರೆಯುವ ಕೀ ಬಿಟ್ಟು ನಡೆಯುವ ಕೀ ಹುಡುಕುವಷ್ಟರಲ್ಲಿ ಮುಚ್ಚಿಹೋಗುತ್ತಿತ್ತು.

"ಯಾವನೇ ಇವನು ಡ್ರೈವರು, ಹೋಲ್ಡಾನ್ ಅಂದ್ರೂ ಕೇಳಲ್ಲ" ಎಂದು ಬೈದು ಎದ್ದುಬಿಟ್ಟರು.

ಕೋಡಿನಲ್ಲಿ ಬಾಗಿಲಿನ ಫೈಲು ಹುಡುಕಿದೆ. ಅದು ಎಷ್ಟು ಹೊತ್ತು ತೆರೆದಿರಬೇಕು ಎಂಬುದು ಒಂದೇ ಒಂದು ಸಂಖ್ಯೆ. ಅಪ್ಪನಿಗೆ ಹೇಳದೆ ಅದನ್ನು ಹೆಚ್ಚಿಸಿದೆ. ಮರುದಿನ ಬಾಗಿಲು ದಾಟಿ ಮೀಸೆಯಡಿಯಲ್ಲೇ ನಕ್ಕರು. ಬೆರಳು ಚುರುಕಾದಂತೆಲ್ಲ ಸಂಖ್ಯೆಯನ್ನು ಇಷ್ಟಿಷ್ಟೇ ಇಳಿಸುತ್ತ ಬಂದೆ. ಮೊದಲಿದ್ದಷ್ಟಕ್ಕೇ ತರುವ ಧೈರ್ಯ ಮಾತ್ರ ಬರಲಿಲ್ಲ. ಮತ್ತೆ ಎದ್ದುಹೋದರೆ ಎಂಬ ಭಯ.

ಒಂದು ಭಾನುವಾರ ಅವರೇ ಕೇಳಿದರು. "ಈ ಬಾಗಿಲು ಎಲ್ರಿಗೂ ಇಷ್ಟೇ ಹೊತ್ತು ನಿಲ್ಲುತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲಪ್ಪ. ನಿಮಗೆ ಅಂತ ಸ್ವಲ್ಪ ಜಾಸ್ತಿ ಇಟ್ಟಿದೀನಿ."

"ಎಲ್ರಿಗೂ ಎಷ್ಟೋ ನನಗೂ ಅಷ್ಟೇ ಇಡು."

ಇಟ್ಟೆ. ಬಾಗಿಲು ಏರಿತು. ಅಪ್ಪನ ಬೆರಳು ತಡವರಿಸಿತು. ಅರ್ಧ ದಾಟುವಷ್ಟರಲ್ಲಿ ಬಾಗಿಲು ಇಳಿಯತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಅದು ಅಪ್ಪನ ತಲೆಯವರೆಗೆ ಬಂದು ಮತ್ತೆ ಮೇಲಕ್ಕೆ ಹೋಗುತ್ತಿತ್ತು.

"ಇದೂ ನಿನ್ನ ಕೆಲಸಾನಾ?"

"ನಂದಲ್ಲಪ್ಪ" ಎಂದು ಕೋಡಿನ ಸಾಲು ತೋರಿಸಿದೆ. ಕೆಳಗೆ ಯಾರಾದರೂ ಇದ್ದರೆ ಬಾಗಿಲು ವಾಪಸು ಏರಬೇಕು ಎಂದು ಆಟ ಬರೆದವರು ಮೊದಲೇ ಬರೆದಿಟ್ಟಿದ್ದರು. ಎಷ್ಟೋ ಸಲ ಓದಿಯೂ ನನಗದು ಮನಸ್ಸಿಗೆ ನಾಟಿರಲಿಲ್ಲ. ಆ ದಿನ ಅದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ.

"ಹತ್ತೋರನ್ನ ನೋಡ್ಕೊಂಡು ಬಾಗಿಲು ಹಾಕೋರೂ ಇದಾರೆ ಅಂತಾಯ್ತು. ನಾಳೆ ಸ್ಟಾಪ್ ತನಕ ಹೋಗೋಣ" ಎಂದರು ಅಪ್ಪ.

ಹೋದೆವು. ಬಸ್ಸು ಬಂತು. ಅಪ್ಪ ಕೋಲನ್ನು ನನಗೆ ಕೊಟ್ಟು ಬಲಗಾಲನ್ನು ಮೆಟ್ಟಿಲ ಮೇಲಿಟ್ಟರು. ಎಡಗಾಲು ಇನ್ನೂ ರಸ್ತೆಯಲ್ಲಿತ್ತು. ಬಾಗಿಲು ಉಸ್ಸೆಂದು ಮುಚ್ಚತೊಡಗಿತು.

"ಹೋಲ್ಡಾನ್" ಎಂದೆ. ನನ್ನ ಬಾಯಿಂದ ಬಂದದ್ದು ಅಪ್ಪನದೇ ದನಿ.

ಅರ್ಧ ಮುಚ್ಚಿದ್ದ ಬಾಗಿಲು ಮತ್ತೆ ತೆರೆಯಿತು. ಅಪ್ಪ ಎಡಗೈಯಿಂದಲೂ ಕಂಬಿ ಹಿಡಿದು ಮೇಲೆ ಹೋದರು, ಹಿಂದೆಯೇ ನಾನೂ ಹತ್ತಿದೆ. ಕಂಡಕ್ಟರು ವಿಷಲ್ ಬಾಯಿಗಿಡುವ ಮೊದಲೇ ಅಪ್ಪ ಹಿಂದಕ್ಕೆ ತಿರುಗಿ, ಮೆಟ್ಟಿಲಲ್ಲಿ ಇನ್ನು ಯಾರೂ ಉಳಿದಿಲ್ಲವೆಂದು ನೋಡಿ, "ರೈಟ್" ಎಂದರು.