ಜಫರ್ ಕಿವಿಗೆ ಬಿದ್ದ ಡಾರ್ಕ್ ಟೆಕ್ನೊ

ಕೆ.ಆರ್. ಪೇಟೆಯ ಮೋಟಾರು ರಿಪೇರಿ ಜಫರ್‌ಗೆ ಐವತ್ತೆರಡು ವರ್ಷ. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡರೆ ಸಾಕು, ಒಳಗೇನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಡಾಕ್ಟರುಗಳಂತೆ ಮುಖ ಗಂಭೀರ ಮಾಡಿಕೊಳ್ಳುವುದನ್ನೂ ಕಲಿತಿದ್ದ. ಹೋದ ತಿಂಗಳು ಹೊಸಹೊಳಲಿನ ಪುಟ್ಟರಾಜುವಿನ ಮೋಟಾರನ್ನು ಹಾಗೇ ಕೇಳಿ, ‘ಇನ್ನೈದು ವರ್ಷ ಇದರ ತಂಟೆಗೆ ಓಗ್ಬ್ಯಾಡ’ ಎಂದು ಕಳಿಸಿದ. ಐದೇ ದಿನಕ್ಕೆ ಬೇರಿಂಗು ಹಿಡಿದು ಅದು ಸುಟ್ಟುಹೋಯಿತು.

ಅಂದಿನಿಂದ ಜಫರ್‌ಗೆ ತನ್ನ ಕಿವಿಯ ಮೇಲೇ ಗುಮಾನಿ. ನಮ್ಮಂಥ ನಡುವಯಸ್ಸಿನವರಿಗೆ ಕೂದಲು ಹೋದರೆ ಟೋಪಿಯಿದೆ, ಕಣ್ಣು ಮಂಜಾದರೆ ಕನ್ನಡಕವಿದೆ. ಕಿವಿ ಹೋಗುತ್ತಿದೆ ಅನ್ನಿಸಿದರೆ ಎಲ್ಲಕ್ಕೂ ‘ಹೂಂ’ ಅನ್ನುವುದೊಂದೇ ದಾರಿ. ಹಾಗೆ ‘ಹೂಂ’ ಅಂದೂ ಅಂದೂ ಅವನು ಹೆಂಡತಿ ತಸ್ಲೀಮ್‌ಳ ಅಣ್ಣನ ಮನೆಯಲ್ಲಿ ಒಂದು ವಾರ ಇರಲು ಒಪ್ಪಿಬಿಟ್ಟಿದ್ದ.

ಒಂದು ಮಧ್ಯಾಹ್ನ ಸಿಂಧಘಟ್ಟದ ಅರ್ಪಿತ ಅಂಗಡಿಗೆ ಬಂದಳು. ಆಲೆಮನೆ ಚಿಕ್ಕಸ್ವಾಮಿಯ ಮಗಳು. ಬೆಳಿಗ್ಗೆ, ಸಂಜೆ ಹಾಲಿನ ಡೇರಿಯಲ್ಲಿ ಕೆಲಸ. ಉಳಿದ ಹೊತ್ತು ಲ್ಯಾಪ್‌ಟಾಪಿನಲ್ಲಿ ಡಾರ್ಕ್ ಟೆಕ್ನೊ ಎಂಬ ಸಂಗೀತ ಮಾಡುತ್ತಿದ್ದಳು. ಅದರಲ್ಲಿ ಹಾಡಿಲ್ಲ, ರಾಗವಿಲ್ಲ. ದೀಪ ಆರಿಸಿದ ಗೋಡೌನುಗಳಲ್ಲಿ ಕರಿಬಟ್ಟೆ ತೊಟ್ಟವರು ಅದಕ್ಕೆ ಒಂಚೂರೂ ನಗದೆ ಕುಣಿಯುತ್ತಾರಂತೆ.

“ಜಫರಣ್ಣ, ನಿಮ್ಮಂಗಡಿ ಸದ್ದು ರೆಕಾರ್ಡ್ ಮಾಡ್ಕಬೇಕು. ಕೆಟ್ಟಿರೋ ಮೋಟ್ರು ಇದ್ರೆ ಒಳ್ಳೇದು.”

“ಒಳ್ಳೇ ಮೋಟ್ರು ಇಲ್ಲಿಗ್ಯಾಕೆ ಬಂದದು ಕಣವ್ವ?”

“ಆ ಸದ್ದಲ್ಲಿ ಇಂಗೆ ಮ್ಯೂಜಿಕ್ ಮಾಡ್ತೀನಿ, ಕೇಳಿ” ಎಂದು ಅವಳು ತನ್ನ ಹೆಡ್‌ಫೋನನ್ನು ಅವನ ತಲೆಗೆ ಹಾಕಿದಳು.

ದಬ್ ದಬ್ ದಬ್. ಯಾರೋ ಗೋಡೆ ಒಡೆಯುತ್ತಿದ್ದರು. ಅದರ ಹಿಂದೆ, ಪ್ರತಿ ಸುತ್ತಿಗೂ ಒಮ್ಮೆ, ಸಣ್ಣಗೆ ಕರ್ರ್. ಜಫರ್ ಕಣ್ಣು ಮುಚ್ಚಿದ. ಕೆಟ್ಟಿರುವುದು ಬೇರಿಂಗೋ ತನ್ನ ಕಿವಿಯೋ?

“ಇದ್ಯಾವ ಮೋಟ್ರವ್ವ?”

“ನಮ್ಮ ಗಾಣದ್ದೇ, ನೆನ್ನೆ ರೆಕಾರ್ಡ್ ಮಾಡ್ಕಂಡಿದ್ದು. ಆ ಕರ್ರ್ ಅನ್ನೋದೇ ಟ್ರ್ಯಾಕಿನ ಜೀವ ಕಣಣ್ಣ!”

“ಅದು ಜೀವ ಓಗೋ ಸದ್ದು ಕಣವ್ವ. ನಿಮ್ಮಪ್ಪಂಗೆ ಪೋನ್ ಮಾಡು.”

ಫೋನಿನಲ್ಲಿ ಚಿಕ್ಕಸ್ವಾಮಿ ಸಿಡಿದ: “ಲೇ ಜಫರಾ, ಕೊಪ್ಪರಿಗೆ ಕುದೀತಾ ಅದೆ. ಐಕ್ಳ ಮ್ಯೂಜಿಕ್ ಕೇಳ್ಬುಟ್ಟು ಗಾಣ ನಿಲ್ಸು ಅಂತೀಯಲ್ಲಾ, ಪುಟ್ಟರಾಜುನ್ ಮೋಟ್ರು ನೋಡ್ದಂಗೆ ನೋಡ್ದೇನ್ಲಾ?”

“ನಿಲ್ಸಣ್ಣೋ. ಬಿಚ್ಚಿ ತೋರುಸ್ತೀನಿ. ಬೇರಿಂಗು ಸರಿಯಾಗಿದ್ರೆ ಇನ್ಮ್ಯಾಕೆ ಈ ಕಸುಬೇ ಮಾಡಕಿಲ್ಲ.”

ಆ ಮಾತು ಯಾಕಾದರೂ ಆಡಿದೆನೋ ಎಂದು ಅರ್ಪಿತಳನ್ನು ಹಿಂದೆ ಕೂರಿಸಿಕೊಂಡು ಸಿಂಧಘಟ್ಟದವರೆಗೂ ಸ್ಕೂಟರಿನ ಮೇಲೆ ಪರಿತಪಿಸಿದ. ಅಲ್ಲಿ ಗಾಣ ನಿಂತಿತ್ತು. ಆಳುಗಳೆಲ್ಲ ಕಬ್ಬು ಸಿಗಿಯುತ್ತಾ ಕೂತಿದ್ದರು. ಬಿಟ್ಟಿ ತಮಾಷೆ ಯಾರಿಗೆ ಬೇಡ? ಜಫರ್ ಮೋಟಾರು ಬಿಚ್ಚಿ, ಹಿಂಬದಿಯ ಬೇರಿಂಗನ್ನು ಎಳೆದು, ಗ್ರೀಸು ಒರೆಸಿದ.

ಒಳಗಿನ ಉಕ್ಕಿನ ಗುಂಡುಗಳಲ್ಲಿ ಒಂದು ಎರಡು ಹೋಳಾಗಿತ್ತು. ಹೊರಬಳೆ ಬಿರುಕುಬಿಟ್ಟಿತ್ತು.

ಚಿಕ್ಕಸ್ವಾಮಿ ಬಗ್ಗಿ ನೋಡಿದ, ಮತ್ತೆ ನೋಡಿದ. “ಇನ್ನೊಪ್ಪತ್ತು ಓಡಿದ್ರೆ ಮೋಟ್ರೇ ಸುಟ್ಟೋಗದು. ಪ್ಯಾಟೇಲಿ ಕುಂತ್ಕಂಡು ಎಂಗ್ಲಾ ಕೇಳಿಸ್ಕಂಡೆ?”

ಜಫರ್ ಜೊತೆಗೆ ತಂದಿದ್ದ ಹೊಸ ಬೇರಿಂಗನ್ನು ಕೂರಿಸಿದ. ಆಮೇಲೆ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಹೋಗಿ ಕೂತ. ಗಾಣ ಮತ್ತೆ ತಿರುಗಿತು, ನುಣ್ಣಗೆ.

ಅರ್ಪಿತಳ ಮುಖ ಸಪ್ಪಗಾಯಿತು. “ಕರ್ರ್ ಅನ್ನೋದೇ ಒಂಟೋಯ್ತಲ್ಲಣ್ಣ.”

“ರೆಕಾರ್ಡ್ ಮಾಡ್ಕಂಡಿರದು ಐತಲ್ಲವ್ವ. ಕೊಡು, ಪೂರ್ತಿ ಕೇಳ್ತೀನಿ.”

ಕೇಳಿದ. ಆರು ನಿಮಿಷ ಅಲುಗಲಿಲ್ಲ. ಪ್ರತಿಯೊಂದು ಕೆರೆತ, ಪ್ರತಿಯೊಂದು ಕೀರಲು, ತಳದಲ್ಲೆಲ್ಲೋ ತಗಡು ಉಜ್ಜಿದ್ದು, ಎಲ್ಲ ಬಿಡಿಬಿಡಿಯಾಗಿ ಬಂದು ಕಿವಿ ಚುಚ್ಚಿದವು.

“ಎಂಗದಣ್ಣ?”

“ಯಾ ಅಲ್ಲಾ, ಎಷ್ಟು ಕೆಟ್ಟದಾಗಿ ಕೇಳಿಸ್ತಾ ಅದೆ ಕಣವ್ವ!” ಎಂದ ಜಫರ್. ಮುಖವೆಲ್ಲ ನಗೆ. “ಒಂದೂ ಬುಡ್ದಂಗೆ ಕೇಳಿಸ್ತಾ ಅದೆ! ಇನ್ನೊಂದ್ಸಲ ಆಕು.”