ವಖಾರದ ಮುಂದೆ ನಾನು ಹೇಳುತ್ತಿದ್ದ ಸುಳ್ಳು

ನನ್ನ ಜೊತೆ ಬ್ಯಾಡಗಿಯ ಬೀದಿಗಳಲ್ಲಿ ನಡೆದವರೆಲ್ಲ ಇದನ್ನು ಓದಬೇಕು. ನಾನು ನಿಮಗೆ ಸುಳ್ಳು ಹೇಳಿದ್ದೇನೆ. ಒಮ್ಮೆಯಲ್ಲ — ಹನ್ನೊಂದು ವರ್ಷ, ತಿಂಗಳಿಗೆ ಎರಡು ರವಿವಾರ, ಅದೇ ಜಾಗದಲ್ಲಿ ನಿಂತು, ಅದೇ ಮಾತುಗಳಲ್ಲಿ.

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಮೇಲೆ ನಾನು ಈ ನಡಿಗೆ ಶುರು ಮಾಡಿದೆ. ಸ್ವಾತಂತ್ರ್ಯ ಚಳವಳಿ ನಮ್ಮೂರಿನ ಯಾವ ಕಟ್ಟೆ, ಯಾವ ಓಣಿ ಹಾದು ಹೋಯಿತೆಂದು ತೋರಿಸುವ ನಡಿಗೆ. ರೈಲು ನಿಲ್ದಾಣದಿಂದ ಹೊರಟು, ಹಳೆಯ ಚಾವಡಿ ದಾಟಿ, ನಮ್ಮ ಅಜ್ಜನ ವಖಾರದ ಮುಂದೆ ಅದು ಮುಗಿಯುತ್ತಿತ್ತು. ಮೆಣಸಿನಕಾಯಿ ಚೀಲ ಒಟ್ಟುವ ಆ ಹಳೆಯ ಗೋದಾಮಿನ ಹತ್ತಿರ ಬರುವಷ್ಟರಲ್ಲಿ ಪರವೂರಿನವರು ಸೀನತೊಡಗುತ್ತಿದ್ದರು. ಅವರ ಸೀನು ನಿಲ್ಲುವವರೆಗೆ ಕಾದು, ನಾನು ಅಜ್ಜನ ಫೋಟೋ ಎತ್ತಿ ಹಿಡಿಯುತ್ತಿದ್ದೆ. 'ಚಲೇಜಾವ್ ಚಳವಳಿಯ ಕಾಲ. ಪೊಲೀಸರು ಮುಂಬಾಗಿಲು ಬಡಿಯುತ್ತಿದ್ದಾರೆ. ನಮ್ಮಜ್ಜ ಕರಪತ್ರಗಳ ಗಂಟನ್ನು ಬುಟ್ಟಿಗಿಟ್ಟು, ಮೇಲೆ ಮೆಣಸಿನಕಾಯಿ ಸುರಿದು, ಹಿತ್ತಲ ಬಾಗಿಲಿನಿಂದ ಹೊರಬಿದ್ದು ನಿಲ್ದಾಣಕ್ಕೆ ಮುಟ್ಟಿಸಿದರು.' ಚಪ್ಪಾಳೆ ಬೀಳುತ್ತಿತ್ತು.

ಬುಟ್ಟಿ ಹೊತ್ತವರು ಅಜ್ಜ ಅಲ್ಲ.

ಹೊತ್ತವಳು ನೀಲವ್ವ — ಆ ವಖಾರಕ್ಕೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿಗೆ ಬರುತ್ತಿದ್ದ ಹೆಣ್ಣುಮಗಳು. ಅಜ್ಜ ಒಳಕೋಣೆಯಲ್ಲಿ ಕಂಬ ಹಿಡಿದು ನಡುಗುತ್ತಿದ್ದರಂತೆ. ಆಕೆ ಯಾರನ್ನೂ ಕೇಳಲಿಲ್ಲ. ಗಂಟು ಬುಟ್ಟಿಗೆ ಹಾಕಿಕೊಂಡು ನಡೆದಳು. ರಾಣೆಬೆನ್ನೂರಿನ ಕಡೆ ಹೋಗುವ ರೈಲಿಗೆ ಕಾದಿದ್ದವನ ಕೈಗೆ ಒಪ್ಪಿಸಿದಳು. ಮರಳುವಾಗ ಪೊಲೀಸರು ಹಿಡಿದರು. ಬುಟ್ಟಿಯಲ್ಲಿ ಮೆಣಸಿನಕಾಯಿ ಇತ್ತಲ್ಲ — ಯಾರದು, ನಿಲ್ದಾಣಕ್ಕೆ ಯಾಕೆ ಹೋಗಿದ್ದೆ ಎಂದು ಕೇಳಿದರು. ನಿಜ ಹೇಳಿದರೆ ಅಜ್ಜ ಸಿಕ್ಕಿಬೀಳುತ್ತಿದ್ದರು. 'ಕದ್ದು ಮಾರಾಕ ಹೋಗಿದ್ದೆ' ಎಂದಳು. ಆಕೆಯನ್ನು ವಖಾರಕ್ಕೆ ಎಳೆತಂದು ಪೊಲೀಸರು ಅಜ್ಜನನ್ನು ಕೇಳಿದರು: 'ಈಕಿ ಕದ್ದಾಳೇನು?'

ಅಜ್ಜ 'ಹೌದು' ಎಂದರು.

ಅಜ್ಜಿ ಇದನ್ನು ನನಗೆ ಹೇಳಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಜೈಲಿನಿಂದ ಬಂದ ನೀಲವ್ವನಿಗೆ ಊರಿನ ಯಾವ ವಖಾರದವರೂ ಕೆಲಸ ಕೊಡಲಿಲ್ಲ. ಸಣ್ಣ ಮಗಳನ್ನು ಕರೆದುಕೊಂಡು ತವರೂರು ಮೇಡ್ಲೇರಿಗೆ ಹೋದಳು. ಸ್ವಾತಂತ್ರ್ಯ ಬಂದ ಮೇಲೆ ಊರವರು ಅಜ್ಜನಿಗೆ ಶಾಲು ಹೊದಿಸಿದರು. ಬುಟ್ಟಿ ಹೊತ್ತದ್ದು ತಾವೇ ಎಂದು ಅಜ್ಜ ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನಿದ್ದರು. ಅವರ ಮೌನಕ್ಕೆ ಮಾತು ಜೋಡಿಸಿದವಳು ನಾನು.

ಇಷ್ಟೇ ಆಗಿದ್ದರೆ... ಇಷ್ಟೇ ಅಲ್ಲ.

ಏಳು ವರ್ಷದ ಹಿಂದೆ ಒಂದು ನಡಿಗೆಗೆ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಮೊಮ್ಮಗಳ ಕೈ ಹಿಡಿದು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಗುಂಪು ಚದುರಿದ ಮೇಲೆ ಹತ್ತಿರ ಬಂದರು.

'ಅಕ್ಕಾರ, ನಾ ಹನಮವ್ವ ರೀ, ಮೇಡ್ಲೇರಿಯಾಕಿ. ನಮ್ಮವ್ವ ನೀಲವ್ವ ಅಂತ, ಇಲ್ಲೇ ಕೂಲಿ ಮಾಡ್ತಿದ್ಲು. ಆಕಿನ್ನ ಪೊಲೀಸರು ಯಾಕ ಒಯ್ದ್ರು ಅಂತ ನಿಮಗೇನರ ಗೊತ್ತೈತೇನ್ರಿ?'

ನನ್ನ ಕೈಯಲ್ಲಿ ಅಜ್ಜನ ಫೋಟೋ ಇತ್ತು. ಹತ್ತು ಹೆಜ್ಜೆ ಆಚೆ, ಧಾರವಾಡದಿಂದ ಬಂದ ಕಾಲೇಜು ಹುಡುಗಿಯರು ವಖಾರದ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

'ಇಲ್ಲ ಯವ್ವಾ, ನನಗ ಗೊತ್ತಿಲ್ಲ' ಎಂದೆ.

'ಹೋಗ್ಲಿ ಬಿಡ್ರಿ' ಎಂದು ಅವರು ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು. ನಾನು ಹೆದರಿದೆನೆ? ಹೆದರುವಂಥದ್ದು ಏನಿತ್ತು — ಅಜ್ಜನ ಬಾಗಿಲಲ್ಲಾದರೂ ಪೊಲೀಸರಿದ್ದರು. ನನ್ನೆದುರು ನಿಂತಿದ್ದದ್ದು ಒಬ್ಬ ಮಗಳು ಮಾತ್ರ.

ಕಳೆದ ವರ್ಷ ವಖಾರದ ಗೋಡೆಗೆ ಅಜ್ಜನ ನೆನಪಿಗೆ ಒಂದು ಕಲ್ಲು ಹಾಕಿಸೋಣ ಎಂದು ಊರವರು ಮಾತಾಡಿಕೊಂಡರು. ಕೊರೆಸಬೇಕಾದ ಬರಹವನ್ನು ನನಗೇ ಒಪ್ಪಿಸಿದರು. ಅಜ್ಜನ ಹೆಸರು ಬರೆದೆ. ಮುಂದಿನ ವಾಕ್ಯ... ಹನ್ನೊಂದು ವರ್ಷ ಬಾಯಲ್ಲಿ ಸಲೀಸಾಗಿ ಬರುತ್ತಿದ್ದ ವಾಕ್ಯ ಕೈಗೆ ಬರಲಿಲ್ಲ. ನಾನು ಸತ್ತ ಮೇಲೂ ಆ ಕಲ್ಲು ಸುಳ್ಳು ಹೇಳುತ್ತಲೇ ಇರುತ್ತದಲ್ಲ ಎನ್ನಿಸಿತು. ಹಾಳೆಯನ್ನು ಹಾಗೇ ಬಿಟ್ಟು ರಾಣೆಬೆನ್ನೂರಿನ ಬಸ್ಸು ಹತ್ತಿದೆ, ಅಲ್ಲಿಂದ ಮೇಡ್ಲೇರಿಗೆ.

ಹನಮವ್ವ ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತಿದ್ದರು. ಎಂಬತ್ತು ದಾಟಿದ ಜೀವ. ಕುಳಿತರೆ ಹೇಳಲಾರೆನೆಂದು ನಿಂತೇ ಎಲ್ಲ ಹೇಳಿದೆ — ಬುಟ್ಟಿಯ ಸಂಗತಿ, ಅಜ್ಜನ 'ಹೌದು', ನನ್ನ 'ಗೊತ್ತಿಲ್ಲ'. ಅವರ ಕೈ ನಿಂತುಹೋಯಿತು.

'ನಮ್ಮವ್ವ ಒಂದ ಸಲ ಹೇಳಿದ್ಲ್ರಿ' ಎಂದರು. 'ಕದ್ದಿಲ್ಲ ಮಗಳ, ಕಾಗದ ಒಯ್ದಿದ್ದೆ ಅಂತ. ನನ್ನ ಅತ್ತಿಮನ್ಯಾಗ ಕಳ್ಳಿ ಮಗಳು ಅಂತಿದ್ರು. ಆ ಸಿಟ್ಟಿನಾಗ ನಾನೂ ಆಕಿನ್ನ ನಂಬಲಿಲ್ಲ. ಆಕಿ ಹೋಗೂತನಕ ನಂಬಲಿಲ್ಲ.'

ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುಗಳಿಗೆ ಎದುರುಮನೆಯ ಸೊಸೆಗೆ ಕೇಳುವಂತೆ ಕೂಗಿದರು: 'ಏ, ಖರೇನ ಹೇಳಿದ್ಲಬೇ ನಮ್ಮವ್ವ! ಖರೇನ ಹೇಳಿದ್ಲು!' ಅಂಥ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಕ್ಷಮೆ ಕೇಳಲು ಬಾಯ್ತೆರೆದೆ. ಅವರು ಕೈ ಅಡ್ಡ ಮಾಡಿದರು.

'ಅದನ್ನ ಆಮ್ಯಾಲ ನೋಡೋಣು. ನನಗೊಬ್ಬಾಕಿಗೆ ಹೇಳಿದ್ರ ಆಗಂಗಿಲ್ಲ ಅಕ್ಕಾರ. ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲೇ ಹೇಳ್ರಿ, ಮಂದಿ ಮುಂದ. ನಾನೂ ಬರ್ತೇನಿ.'

ಮುಂದಿನ ನಡಿಗೆಯಲ್ಲೇ ಹೇಳಿದೆ. ಅಂದು ಚಪ್ಪಾಳೆ ಬೀಳಲಿಲ್ಲ. ವಖಾರ ನೋಡಿಕೊಳ್ಳುವ ನನ್ನ ಅಣ್ಣ 'ಅಜ್ಜನ ಮಾನ ಬೀದಿಗೆ ತಂದಿ' ಎಂದು ಎರಡು ತಿಂಗಳು ಮಾತು ಬಿಟ್ಟ. ಆದರೆ ಕಲ್ಲು ಕೂರಿಸುವವರು ಬಂದ ದಿನ ಗೋಡೆಗೊರಗಿಸಿದ್ದ ಚೀಲಗಳನ್ನು ತಾನೇ ನಿಂತು ಸರಿಸಿಕೊಟ್ಟ. ಬರಹವನ್ನು ನಾನು ಬದಲಿಸಿ ಕೊಟ್ಟಿದ್ದೆ. ಕಲ್ಲಿನ ಮೇಲೆ ಒಂದೇ ಹೆಸರಿದೆ — ನೀಲವ್ವ.

ನಡಿಗೆ ನಿಂತಿಲ್ಲ. ನಿಲ್ದಾಣದಿಂದ ಚಾವಡಿಯವರೆಗೆ ನಾನು ಹೇಳುತ್ತೇನೆ. ವಖಾರದ ಮುಂದೆ ಹನಮವ್ವ ಕುರ್ಚಿಯಲ್ಲಿ ಕಾದಿರುತ್ತಾರೆ, ಮೊಮ್ಮಗಳು ಕರೆತಂದಿರುತ್ತಾಳೆ. ಅಲ್ಲಿಂದ ಮಾತು ಅವರದು. ಅವ್ವ 'ಕದ್ದೆ' ಎಂದದ್ದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ. ನನ್ನನ್ನು ಕ್ಷಮಿಸಿದೆನೆಂದು ಅವರು ಇನ್ನೂ ಹೇಳಿಲ್ಲ. ನಾನೂ ಮತ್ತೆ ಕೇಳಿಲ್ಲ. ಕಡೆಗೆ, 'ಒಬ್ಬರು ಅಕ್ಕಾರಿಗೆ ಎಲ್ಲಾ ಗೊತ್ತಿತ್ರಿ. ನಾ ಕೇಳಿದ್ರ ಗೊತ್ತಿಲ್ಲ ಅಂದ್ರು' ಎನ್ನುತ್ತಾರೆ. ಯಾರು ಆ ಅಕ್ಕಾರು ಎಂದು ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ಹಿಂದೆ ನಿಂತ ನಾನು ಕೈ ಎತ್ತುತ್ತೇನೆ.